ಹ್ಯಾಲ್ವರನ ಹಳದಿ ಪಾಠ

ನಮ್ಮ ನಾರ್ಡ್‌ಬಿ ಊರಲ್ಲಿ ಒಬ್ಬ ಮನುಷ್ಯ ತಲೆಯ ಮೇಲೆ ಬಾತುಕೋಳಿ ಕೂರಿಸಿಕೊಂಡು ರಸ್ತೆಯಲ್ಲಿ ಹೋದರೂ ಯಾರೂ ‘ಇದೇನಯ್ಯ ಅವತಾರ?’ ಎಂದು ಕೇಳುವುದಿಲ್ಲ. ‘ಇವತ್ತು ಗಾಳಿ ಸ್ವಲ್ಪ ಕಮ್ಮಿ, ಅಲ್ವಾ?’ ಎಂದು, ಬಾತುಕೋಳಿಯ ಕಡೆ ನೋಡದೆ ಮುಂದೆ ಹೋಗುತ್ತೇವೆ. ಮಿನೆಸೋಟದ ಈ ಮೂಲೆಯಲ್ಲಿ ಇದಕ್ಕೆ ಮರ್ಯಾದೆ ಎಂದು ಹೆಸರು. ಇನ್ನೊಬ್ಬರ ಕಷ್ಟವನ್ನು ಬಾಯಿಬಿಟ್ಟು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಕೇಳುವ ಬದಲು ಮರುದಿನ ಅವರ ಬಾಗಿಲಿಗೆ ಹಾಟ್‌ಡಿಷ್ ತಲುಪಿಸುತ್ತೇವೆ. ಕೊಚ್ಚಿದ ಮಾಂಸ, ಅಣಬೆ ಸೂಪು, ಮೇಲೆ ಆಲೂಗಡ್ಡೆ ಉಂಡೆ ಜೋಡಿಸಿ ಓವನ್ನಿನಲ್ಲಿ ಬೇಯಿಸಿದ ಆ ಪಾತ್ರೆಯೇ ನಮ್ಮೂರಿನ ಅಭಿನಂದನೆ, ಅದೇ ಸಾಂತ್ವನ, ಅದೇ ಸಂತಾಪ. ಯಾವುದು ಯಾವುದಕ್ಕೆ ಎಂದು ಪಾತ್ರೆಯ ಮೇಲೆ ಬರೆದಿರುವುದಿಲ್ಲ. ನಮ್ಮ ಹ್ಯಾಲ್ವರ್ ಬ್ರೆಕ್ಕೆ ಎಂಬಾತ ಕೆಟ್ಟದ್ದು ಅಲ್ಲೇ.

ಹ್ಯಾಲ್ವರ್ ಊರಿಗೆಲ್ಲ ನೀರು ಮೆದು ಮಾಡುವ ಯಂತ್ರ ಮಾರಿದವನು. ನಮ್ಮ ಬಾವಿನೀರು ಗಡಸು, ಅವನ ಮಾತು ಮೆದು. ವ್ಯಾಪಾರ ಚೆನ್ನಾಗಿಯೇ ನಡೆಯಿತು. ವಯಸ್ಸಾದ ಮೇಲೆ ಅಂಗಡಿಯನ್ನು ತಂಗಿಯ ಮಗನಿಗೆ ವಹಿಸಿ ಮನೆಯಲ್ಲಿ ಕೂತ. ಕೂತ ಮೇಲೆ ಒಂದು ಸತ್ಯ ಹೊಳೆಯಿತು: ಅವನಿಲ್ಲದೆಯೂ ಊರಿನ ನಲ್ಲಿಗಳಲ್ಲಿ ನೀರು ಬರುತ್ತಿತ್ತು. ಹೆಂಡತಿ ಆರ್ಡಿಸ್ ಚಳಿಗಾಲ ಬಂತೆಂದರೆ ಮಂಡಿನೋವಿನ ನೆಪ ಹೇಳಿ ಅರಿಜೋನಾದ ಅಕ್ಕನ ಮನೆಗೆ ಹಾರಿಬಿಡುತ್ತಾಳೆ. ಪಕ್ಕದ ಮನೆಯ ವರ್ನನ್ ಕ್ವಾಮ್ ಜೊತೆಗಾದರೂ ಹರಟೋಣವೆಂದರೆ ಇಬ್ಬರಿಗೂ ಮಾತಿಲ್ಲ. ಹೆಪ್ಪುಗಟ್ಟಿದ ಕೆರೆಯ ಮೇಲೆ ಮೀನು ಹಿಡಿಯುವ ಗುಡಿಸಲನ್ನು ಯಾರು ಎಲ್ಲಿಡಬೇಕು ಎಂಬ ಜಗಳ ಅದು. ಪ್ರತಿ ವಸಂತದಲ್ಲಿ ಜಗಳದ ಜಾಗವೇ ಕರಗಿ ನೀರಾಗುತ್ತಿತ್ತು, ಜಗಳ ಮಾತ್ರ ಕರಗಲಿಲ್ಲ.

ಹ್ಯಾಲ್ವರನಿಗೆ ಇದ್ದದ್ದು ಒಂದೇ ಆಸೆ. ನಮ್ಮ ಶಾಲೆಯ ಹಜಾರದಲ್ಲಿ ‘ಶಾಲೆಯ ಗೆಳೆಯರು’ ಎಂದು ಒಂದು ಗೋಡೆಯಿದೆ. ಮಕ್ಕಳಿಗೆ ಉಪಕಾರ ಮಾಡಿದವರ ಫೋಟೋಗಳನ್ನು ಅಲ್ಲಿ ತೂಗುಹಾಕುತ್ತಾರೆ. ಅಗ್ನಿಶಾಮಕದ ಮುಖ್ಯಸ್ಥರಿದ್ದಾರೆ, ಹಲ್ಲಿನ ಡಾಕ್ಟರಿದ್ದಾರೆ. ಶಾಲೆಯ ಬಸ್ಸು ಓಡಿಸುವ ನಾನೂ, ಕಣ್ಣು ಮುಚ್ಚಿಕೊಂಡ ಭಂಗಿಯಲ್ಲಿ, ಇದ್ದೇನೆ. ಹ್ಯಾಲ್ವರ್ ಶಾಲೆಗೆ ಯಾವ ಕೆಲಸಕ್ಕೆ ಬಂದರೂ ಆ ಗೋಡೆಯ ಮುಂದೆ ನಿಂತು, ‘ಇನ್ನೊಂದಕ್ಕೆ ಜಾಗ ಇದೆ’ ಎನ್ನುತ್ತಿದ್ದ. ಯಾರಿಗೂ ಹೇಳುತ್ತಿರಲಿಲ್ಲ, ಗೋಡೆಗೆ ಹೇಳುತ್ತಿದ್ದ. ಊರಿಗೆ ತಾನು ಬೇಕು ಎಂದು ಒಂದು ಮೊಳೆ ಹೊಡೆದು ಸಾಬೀತು ಮಾಡಲಿ ಎಂಬುದಷ್ಟೇ ಅವನ ಹಂಬಲ.

ಆ ಜನವರಿಯಲ್ಲಿ ಒಂದನೇ ಕ್ಲಾಸಿನ ಮಿಸ್ ಯಾಂಗ್ ನಮ್ಮ ಕಾಫಿ ಅಂಗಡಿಗೆ ಬಂದಳು. ಅವಳು ಸೇಂಟ್ ಪಾಲ್ ನಗರದಲ್ಲಿ ಹ್ಮಾಂಗ್ ಎಂಬ ವಲಸಿಗ ಸಮುದಾಯದ ಮನೆತನದಲ್ಲಿ ಬೆಳೆದವಳು. ಈಗಲೂ ದೂರದ ದೊಡ್ಡೂರಿನಿಂದ ದಿನಾ ಕಾರಿನಲ್ಲಿ ಬಂದು ಹೋಗುತ್ತಾಳೆ. ಹಾಗಾಗಿ ಕೇಳಬೇಕಾದ್ದನ್ನು ನೇರವಾಗಿ ಕೇಳಿಬಿಡುವ ಕಾಯಿಲೆ ಅವಳಿಗಿನ್ನೂ ವಾಸಿಯಾಗಿರಲಿಲ್ಲ.

“ಮುಂದಿನ ವಾರ ನಮ್ಮ ಕ್ಲಾಸಲ್ಲಿ ದೇಹದ ಪಾಠ. ಹೃದಯ, ಶ್ವಾಸಕೋಶ, ಹೊಟ್ಟೆ ಎಲ್ಲ ಹೇಗೆ ಕೆಲಸ ಮಾಡ್ತವೆ ಅಂತ ಮಜವಾಗಿ ತೋರಿಸೋರು ಯಾರಾದ್ರೂ ಇದೀರಾ?”

ಎಲ್ಲರೂ ತಂತಮ್ಮ ಕಾಫಿಯೊಳಗೆ ಇಣುಕಿದರು. ಹ್ಯಾಲ್ವರ್ ಎದ್ದು ನಿಂತ.

“ಜೀವಮಾನವಿಡೀ ಪಂಪು, ಪೈಪು, ಫಿಲ್ಟರ್ ನೋಡಿದೀನಿ ಮಿಸ್. ಮನುಷ್ಯನ ಒಳಗೆ ಇನ್ನೇನಿದೆ?”

ಮಂಗಳವಾರ ಮಧ್ಯಾಹ್ನ ಕ್ಲಾಸಿನಲ್ಲಿ ನಡೆದದ್ದನ್ನು ನಾನು ಕಣ್ಣಾರೆ ಕಂಡಿಲ್ಲ. ಎಲ್ಲ ಮುಗಿದ ಮೇಲೆ ಮಕ್ಕಳಿಂದ ತಿಳಿದದ್ದನ್ನು ಹೇಳುತ್ತಿದ್ದೇನೆ. ಹ್ಯಾಲ್ವರ್ ಒಂದು ಟ್ಯಾಂಕು, ತೋಟದ ರಬ್ಬರ್ ಪೈಪು, ದೋಣಿಗೆ ಗಾಳಿ ತುಂಬುವ ಕಾಲು ಪಂಪು ಎಲ್ಲವನ್ನೂ ಹೊತ್ತು ಒಳಗೆ ಹೋದ. ಪಂಪು ತುಳಿದು ಹೃದಯ ತೋರಿಸಿದ. ಬಲೂನು ಊದಿ ಶ್ವಾಸಕೋಶ ತೋರಿಸಿದ. ಬಿಸ್ಕತ್ತು, ಹಾಲು, ನಿಂಬೆರಸವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಿವುಚಿ ಹೊಟ್ಟೆಯೊಳಗಿನ ವ್ಯವಹಾರ ತೋರಿಸಿದ. ಮಕ್ಕಳು ‘ಛೀ’ ಎನ್ನುತ್ತಲೇ ಇನ್ನೊಂದು ಸಲ ಎಂದರು.

“ತಾತ, ಹೂಸು ಎಲ್ಲಿಂದ ಬರುತ್ತೆ?” ಎಂದು ಕೇಳಿದ್ದು ಸನ್ನಿವಾ. ಮುಂದಿನ ಎರಡು ಹಲ್ಲು ಬಿದ್ದ ಹುಡುಗಿ, ವರ್ನನ್ ಕ್ವಾಮನ ಮೊಮ್ಮಗಳು.

“ಕರುಳಲ್ಲಿ ಪುಟ್ಟ ಪುಟ್ಟ ಕೆಲಸಗಾರರು ಇದಾರೆ ಕಣಮ್ಮ. ನೀನು ತಿಂದಿದ್ರಲ್ಲಿ ಮಿಕ್ಕಿದ್ದನ್ನ ಅವರು ತಿಂತಾರೆ. ಅವರ ಅಡುಗೆಮನೆ ಹೊಗೆ ಅದು.”

ಆ ಉತ್ತರದಿಂದ ಹ್ಯಾಲ್ವರನಿಗೆ ಕ್ಲಾಸಿನಲ್ಲಿ ದೇವರ ಸ್ಥಾನ ಸಿಕ್ಕಿತು. ಆ ಹುಮ್ಮಸ್ಸಿನಲ್ಲೇ ಲಿವರಿಗೆ ಬಂದ. ಲಿವರ್ ಅಂದರೆ ದೇಹದ ದೊಡ್ಡ ಕಾರ್ಖಾನೆ, ರಕ್ತದ ಕೊಳೆ ತೆಗೆಯುತ್ತೆ, ಅರ್ಧ ಕತ್ತರಿಸಿ ಇನ್ನೊಬ್ಬರಿಗೆ ಕೊಟ್ಟರೂ ಮತ್ತೆ ಬೆಳೆಯುತ್ತೆ ಎಂದ. ‘ಅದು ಕೆಟ್ರೆ?’ ಎಂದಿತು ಒಂದು ಮಗು. ಆ ಪ್ರಶ್ನೆಗೇ ಕಾದಿದ್ದ ಹ್ಯಾಲ್ವರ್ ಗೋಡೆಯ ಕಡೆ ತಿರುಗಿ, ಜೇಬಿನಿಂದ ಡಬ್ಬಿ ತೆಗೆದು, ಕುಂಚದಿಂದ ಮುಖ ಕತ್ತಿಗೆಲ್ಲ ಬಳಿದುಕೊಂಡು ಗರಕ್ಕನೆ ತಿರುಗಿದ. ಹಳದಿ! ಮಕ್ಕಳು ಕಿಟಾರನೆ ಕಿರುಚಿದರು. ‘ಲಿವರ್ ಮುಷ್ಕರ ಹೂಡಿದ್ರೆ ಮನುಷ್ಯ ಹೀಗಾಗ್ತಾನೆ!’ ಎಂದ ಹ್ಯಾಲ್ವರ್. ಅಂಥ ಪಾಠ ಜನ್ಮದಲ್ಲಿ ಯಾರೂ ಮರೆಯುವುದಿಲ್ಲ.

ಬಣ್ಣವೂ ಅವನ ಮುಖ ಮರೆಯಲಿಲ್ಲ. ಈಟಿಯಿಂದ ಮೀನು ಹೊಡೆಯುವವರು ಮೀನನ್ನು ಸೆಳೆಯಲು ಮರದ ಮೀನನ್ನು ನೀರಿಗಿಳಿಸುತ್ತಾರಲ್ಲ, ಅದಕ್ಕೆ ಬಳಿಯುವ ಬಣ್ಣ ಅದು. ಚಳಿಗಾಲವಿಡೀ ನೀರಲ್ಲಿದ್ದರೂ ಹೋಗುವುದಿಲ್ಲ ಎಂಬುದೇ ಅದರ ಹೆಗ್ಗಳಿಕೆ. ಅದನ್ನು ಹ್ಯಾಲ್ವರ್ ನೀರಿನಿಂದ ತೊಳೆದ.

ಮನೆಗೆ ಬಂದು ಸೋಪು ಹಾಕಿ ಉಜ್ಜಿದ. ಬಚ್ಚಲಲ್ಲಿ ಇದ್ದದ್ದು ಹುಳ ಬರದಿರಲೆಂದು ಅಂಗಳಕ್ಕೆ ಹಾಕುವ ಹಳದಿ ಬಲ್ಬು. ಆರ್ಡಿಸ್ ಇಲ್ಲದಾಗ ಸುಟ್ಟುಹೋದ ಬಲ್ಬಿನ ಜಾಗಕ್ಕೆ ಕೈಗೆ ಸಿಕ್ಕಿದ್ದನ್ನು ತಿರುಗಿಸಿದ್ದ. ಆ ಬೆಳಕಿನಲ್ಲಿ ಟವೆಲೂ ಹಳದಿ, ಸಿಂಕೂ ಹಳದಿ, ಹಲ್ಲೂ ಹಳದಿ. ತನ್ನ ಮುಖ ಟವೆಲಿನಷ್ಟೇ ಬೆಳ್ಳಗಿದೆ ಎಂದು ಖಾತ್ರಿ ಮಾಡಿಕೊಂಡು ಹ್ಯಾಲ್ವರ್ ನೆಮ್ಮದಿಯಾಗಿ ಮಲಗಿದ.

ಬುಧವಾರ ಬೆಳಿಗ್ಗೆ ಅವನು ಕಾಫಿ ಅಂಗಡಿಯ ಬಾಗಿಲು ತೆರೆದು, ಮಫ್ಲರ್ ಬಿಚ್ಚಿದ.

ಮಾಗಿದ ಬಾಳೆಹಣ್ಣು ಟೋಪಿ ಹಾಕಿಕೊಂಡು ಬಂದ ಹಾಗಿತ್ತು. ಕಾಫಿ ಹೊಯ್ಯುತ್ತಿದ್ದ ಡೆಲೋರಿಸ್ ನನ್ನ ಬಟ್ಟಲು ತುಂಬಿ ಮೇಜಿಗೂ ಒಂದಷ್ಟು ಹೊಯ್ದಳು. ಅಂಗಡಿ ಅವಳದೇ. ಚರ್ಚಿನ ಅಡುಗೆಮನೆಗೂ ಅವಳೇ ಯಜಮಾನಿ, ಊರಿನ ಸುಖದುಃಖದ ಉಸ್ತುವಾರಿಯೂ ಅವಳದೇ.

“ಹೇಗಿದೀಯ ಹ್ಯಾಲ್ವರ್?” ಎಂದಳು, ಸಕ್ಕರೆ ಡಬ್ಬಿಯನ್ನು ನೋಡುತ್ತ.

“ಪರವಾಗಿಲ್ಲ,” ಎಂದ ಹ್ಯಾಲ್ವರ್.

ನಮ್ಮೂರಲ್ಲಿ ಮದುವೆಯಾದವನೂ ‘ಪರವಾಗಿಲ್ಲ’ ಎನ್ನುತ್ತಾನೆ, ಸಾಯುತ್ತಿರುವವನೂ ‘ಪರವಾಗಿಲ್ಲ’ ಎನ್ನುತ್ತಾನೆ. ಅದರಿಂದ ಏನೂ ತಿಳಿಯಲಿಲ್ಲ.

“ನಿನ್ನೆ ಶಾಲೆಗೆ ಹೋಗಿದ್ದೆಯಂತೆ?” ಎಂದೆ ನಾನು.

“ಹೂಂ. ಒಳಗಿರೋದನ್ನೆಲ್ಲ ಹೇಳ್ಬಿಟ್ಟೆ. ಮನಸ್ಸು ಹಗುರ ಆಯ್ತು.”

ಡೆಲೋರಿಸ್ ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಂಡು ಅಡುಗೆಮನೆಗೆ ನಡೆದಳು. ಅವನ ಕಾಫಿಗೆ ಕಾಸು ತಗೊಳ್ಳಲಿಲ್ಲ. ‘ಒಂದು ಪಾಠಕ್ಕೇ ಇಷ್ಟು ಮರ್ಯಾದೆ!’ ಎಂದು ಹ್ಯಾಲ್ವರನ ಎದೆ ಉಬ್ಬಿತು. ಅವನು ಹೋದ ಮೇಲೆ ನಾವು ಬಾಯಿಬಿಟ್ಟೆವು.

“ಲಿವರ್,” ಎಂದಳು ಡೆಲೋರಿಸ್. “ನಮ್ಮ ಚಿಕ್ಕಪ್ಪನೂ ಹೀಗೇ ಆಗಿದ್ದ. ಇಷ್ಟು ಹಳದಿ ಮಾತ್ರ ಆಗಿರ್ಲಿಲ್ಲ.”

“ಆರ್ಡಿಸ್‌ಗೆ ಫೋನ್ ಮಾಡೋಣ್ವಾ?” ಎಂದೆ ನಾನು.

“ಛೆ ಛೆ! ಅವನೇ ಹೇಳಿಲ್ಲ ಅಂದ್ಮೇಲೆ ನಾವು ಹೇಳೋಕೆ ಯಾರು? ನಾನು ಹಾಟ್‌ಡಿಷ್ ಮಾಡ್ತೀನಿ.”

ಅಂದು ಸಂಜೆಯೊಳಗೆ ಹ್ಯಾಲ್ವರನ ಬಾಗಿಲಲ್ಲಿ ಹಾಟ್‌ಡಿಷ್‌ಗಳು ಸಾಲುಗಟ್ಟಿದವು. ನನ್ನ ಮನೆಯದೂ ಒಂದು ಹೋಗಿತ್ತು. ಕೊಟ್ಟವರೆಲ್ಲ ಅವನ ಮುಖ ಬಿಟ್ಟು ಉಳಿದದ್ದನ್ನೆಲ್ಲ ನೋಡಿದರು. ಚರ್ಚಿನ ಪಾದ್ರಿಯಮ್ಮ ಅವನ ಹೆಗಲಾಚೆಯ ಬಾಗಿಲ ಚೌಕಟ್ಟನ್ನೇ ನೋಡುತ್ತ, ‘ನಿಮ್ಮ ಧೈರ್ಯ ದೊಡ್ಡದು’ ಎಂದರು. ಒಂದನೇ ಕ್ಲಾಸಿನ ಮಕ್ಕಳನ್ನು ಸಂಭಾಳಿಸುವುದಕ್ಕೆ ಧೈರ್ಯ ಬೇಕು ಎಂಬುದನ್ನು ಹ್ಯಾಲ್ವರ್ ಒಪ್ಪಿದ. ‘ಭಯ ಪಡಬಾರದು, ನಗ್ತಾ ಹೋಗ್ಬೇಕು’ ಎಂದ. ಪಾದ್ರಿಯಮ್ಮ ಬಾಗಿಲ ಚೌಕಟ್ಟನ್ನೇ ತಟ್ಟಿ ಸಂತೈಸಿ ಹೊರಟರು.

ಗುರುವಾರ ನಡೆದದ್ದು ಇದಕ್ಕಿಂತ ದೊಡ್ಡ ಪವಾಡ. ಬೆಳಿಗ್ಗೆ ಎದ್ದು ನೋಡಿದರೆ ವರ್ನನ್ ಕ್ವಾಮ್ ತನ್ನ ಯಂತ್ರ ತಂದು ಹ್ಯಾಲ್ವರನ ಅಂಗಳದ ಹಿಮ ಹಾರಿಸುತ್ತಿದ್ದಾನೆ! ಇಷ್ಟು ವರ್ಷ ತನ್ನ ಹಿಮವನ್ನು ಇವನ ಅಂಗಳಕ್ಕೆ ಹಾರಿಸಿದ್ದ ಅದೇ ವರ್ನನ್, ಅದೇ ಯಂತ್ರ. ಹ್ಯಾಲ್ವರ್ ಕಿಟಕಿಯಿಂದ ಕೈ ಎತ್ತಿದ. ವರ್ನನ್ ಆ ಹಳದಿ ಮುಖ ನೋಡಿ, ಟೋಪಿ ಕೆಳಗೆಳೆದುಕೊಂಡು, ಮೂಗು ಒರೆಸಿಕೊಂಡ. ಶುಕ್ರವಾರವೂ ಬಂದ.

ಈ ನಡುವೆ ಸತ್ಯ ಹೇಳಿದವರು ಯಾರೂ ಇರಲಿಲ್ಲ ಎನ್ನಬೇಡಿ. ಸನ್ನಿವಾ ಹೇಳಿದಳು. ತನ್ನ ತಾತನಿಗೆ ಹೇಳಿದಳು, ಬಸ್ಸಿನಲ್ಲಿ ನನಗೂ ಹೇಳಿದಳು.

“ಹ್ಯಾಲ್ವರ್ ತಾತಂಗೆ ಏನೂ ಆಗಿಲ್ಲ. ಅದು ಪೇಂಟು!”

ನಾನು ಡೆಲೋರಿಸ್‌ಗೆ ಹೇಳಿದೆ. ಅವಳು ಕಾಫಿಯ ಹೂಜಿ ಕೆಳಗಿಟ್ಟು ಕುರ್ಚಿಯ ಮೇಲೆ ಕುಸಿದಳು.

“ಅಯ್ಯೋ ನನ್ನಪ್ಪಾ! ಮಕ್ಕಳು ಹೆದರಬಾರದು ಅಂತ ಪೇಂಟು ಅಂದಿದಾನೆ! ಎಂಥ ದೊಡ್ಡ ಮನಸ್ಸು ಮಾರಾಯ ಅವನದು!”

ಇಡೀ ಅಂಗಡಿ ತಲೆದೂಗಿತು. ನಾನೂ ತೂಗಿದೆ. ಆ ಕ್ಷಣದಲ್ಲೇ ಸ್ಪಗೆಟಿ ಊಟ ತೀರ್ಮಾನವಾಯಿತು. ನಮ್ಮಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆ ಬಂದರೆ ಊರೆಲ್ಲ ಸೇರಿ ಸ್ಪಗೆಟಿ ಉಂಡು ಬಾಗಿಲ ಡಬ್ಬಿಗೆ ಕೈಲಾದದ್ದು ಹಾಕುತ್ತೇವೆ. ಚರ್ಚಿನ ನೆಲಮಾಳಿಗೆ ಸಾಲದೆಂದು ಶನಿವಾರಕ್ಕೆ ಶಾಲೆಯ ಊಟದ ಹಾಲ್ ಗೊತ್ತುಮಾಡಿದರು. ಡೆಲೋರಿಸ್ ಹೋಗಿ ಹ್ಯಾಲ್ವರನಿಗೆ, “ಶನಿವಾರ ಶಾಲೇಲಿ ಒಂದು ಊಟ ಇಟ್ಕೊಂಡಿದೀವಿ. ನಿನಗೋಸ್ಕರ. ಸುಮ್ನೆ ಬಾ,” ಎಂದಳು.

ಶಾಲೆಯಲ್ಲಿ! ಗೋಡೆಯ ಪಕ್ಕದಲ್ಲೇ! ಹ್ಯಾಲ್ವರ್ ಅರಿಜೋನಾಕ್ಕೆ ಫೋನ್ ತಿರುಗಿಸಿದ.

“ಊರು ಕೊನೆಗೂ ನನ್ನನ್ನ ಗುರುತಿಸಿದೆ ಕಣೇ. ನಾಳೆ ಸನ್ಮಾನ!”

“ಯಾಕೆ? ಏನ್ ಮಾಡ್ದೆ?” ಎಂದಳು ಆರ್ಡಿಸ್.

“ಮಕ್ಕಳಿಗೆ ಲಿವರ್ ಹೇಳ್ಕೊಟ್ಟೆ.”

“ಅಷ್ಟಕ್ಕೇ ಊರಿಗೆಲ್ಲ ಊಟ ಹಾಕ್ತಾರಾ?”

“ಹೇಳ್ಕೊಟ್ಟ ರೀತಿ ಹಾಗಿತ್ತು.”

ಶನಿವಾರ ಹ್ಯಾಲ್ವರ್ ಮದುವೆ–ಸಾವಿಗೆ ಹಾಕುವ ಒಂದೇ ಕೋಟು ತೊಟ್ಟು ಬಂದ. ಹಾಲ್‌ನ ಟ್ಯೂಬ್‌ಲೈಟುಗಳ ಕೆಳಗೆ ಅವನ ಮುಖ ರಸ್ತೆ ರಿಪೇರಿಯ ಫಲಕದಂತೆ ಹೊಳೆಯುತ್ತಿತ್ತು. ಗೋಡೆಯಿಂದ ಗೋಡೆಗೆ ‘ಹ್ಯಾಲ್ವರ್, ನಾವಿದ್ದೇವೆ’ ಎಂಬ ಬಟ್ಟೆ ಕಟ್ಟಿದ್ದರು. ಊರಿಗೆ ಊರೇ ಸೇರಿತ್ತು. ಪರವೂರಿನಿಂದ ಬರಬೇಕಿದ್ದ ಮಿಸ್ ಯಾಂಗ್ ಹಿಮದಿಂದಾಗಿ ಇನ್ನೂ ದಾರಿಯಲ್ಲಿದ್ದಳು. ಯಾರೋ ‘ಒಂದೆರಡು ಮಾತು’ ಎಂದರು. ಅವನಿಗೆ ಅಷ್ಟೇ ಬೇಕಿತ್ತು.

“ನಾನು ದೊಡ್ಡದೇನೂ ಮಾಡಿಲ್ಲ,” ಎಂದು ಶುರುಮಾಡಿದ. “ನನ್ನ ಜಾಗದಲ್ಲಿ ನೀವಿದ್ರೂ ಹೀಗೇ ಮಾಡ್ತಿದ್ರಿ.”

ಅಗ್ನಿಶಾಮಕದ ಮುಖ್ಯಸ್ಥರು ಇಲ್ಲವೆಂದು ತಲೆಯಾಡಿಸಿದರು.

“ಇದು ಒಂದೇ ವರ್ಷಕ್ಕೆ ಮುಗಿಯೋದು ಬೇಡ ಅಂತ ಆಸೆ. ಮುಂದಿನ ವರ್ಷವೂ ಈ ಮಕ್ಕಳ ಮುಂದೆ ನಿಂತ್ಕೋಬೇಕು. ಆದರೆ ಅದು ನನ್ನ ಕೈಲಿಲ್ಲ.”

ಅಲ್ಲಲ್ಲಿ ಬಿಕ್ಕುವ ಸದ್ದು.

“ಒಂದು ವೇಳೆ ಹೊರಗಿನ ಆ ಗೋಡೆ ಮೇಲೆ ನನ್ನದೊಂದು ಫೋಟೋ ಹಾಕ್ಬೇಕು ಅಂತ ನಿಮ್ಮ ಮನಸ್ಸಿನಲ್ಲಿದ್ರೆ, ಈಗ್ಲೇ ಹಾಕಿ. ನನ್ನ ಕಣ್ಣಾರೆ ನೋಡ್ಬಿಡ್ತೀನಿ.”

ಡೆಲೋರಿಸ್ ಜೋರಾಗಿ ಅತ್ತೇಬಿಟ್ಟಳು. ನಮ್ಮೂರಲ್ಲಿ ಜನರೆದುರು ಯಾರೂ ಅಳುವುದಿಲ್ಲ. ಆ ದಿನ ಸಾಲು ಸಾಲಾಗಿ ಅತ್ತರು. ನಾನು ಸ್ಪಗೆಟಿಗೆ ಕೊಟ್ಟಿದ್ದ ಕಾಗದದ ಕರವಸ್ತ್ರ ಪೂರ್ತಿ ಒದ್ದೆ ಮಾಡಿದೆ. ಸನ್ಮಾನ ಇಷ್ಟು ಮನಮುಟ್ಟುವಂತೆ ಇರುತ್ತದೆಂದು ಹ್ಯಾಲ್ವರನಿಗೆ ಗೊತ್ತಿರಲಿಲ್ಲ. ಅವನೂ ಅತ್ತ.

ಆಗ ಹಿಂದಿನ ಮೇಜಿನಿಂದ ಕುರ್ಚಿ ಕಿರ್ರೆಂದಿತು. ವರ್ನನ್ ಕ್ವಾಮ್ ಎದ್ದಿದ್ದ. ಅವನು ಸಭೆಯಲ್ಲಿ ಮಾತಾಡಿದ್ದನ್ನು ಕೇಳಿದವರು ಬದುಕಿಲ್ಲ.

“ನಂದು ತಗೋ,” ಎಂದ.

“ಏನು ತಗೊಳ್ಳಲಿ?” ಎಂದ ಹ್ಯಾಲ್ವರ್.

“ಲಿವರ್. ಅರ್ಧ ಕೊಡ್ತೀನಿ. ನಿನ್ನೆ ದೊಡ್ಡೂರಿನ ಆಸ್ಪತ್ರೆಗೆ ಹೋಗಿ ಕೇಳ್ಕೊಂಡು ಬಂದೆ. ಆ ಹೆಸರಿನ ರೋಗಿ ಯಾರೂ ಇಲ್ಲ ಅಂದ್ರು. ಅವನು ಹೇಳೋ ಪೈಕಿ ಅಲ್ಲ, ನೀವು ತೆಗೆಯೋದು ತೆಗೀರಿ ಅಂತ ಜಗಳ ಆಡಿ ಬಂದಿದೀನಿ. ಹೋದ್ರೆ ಹೋಗ್ಲಿ, ಮತ್ತೆ ಬೆಳೆಯುತ್ತಂತೆ.” ಬೆರಳೆತ್ತಿ, “ಕೆರೆ ಮೇಲಿನ ಗುಡಿಸಲು ಮಾತ್ರ ನೀನು ಜರುಗಿಸ್ಬೇಕು,” ಎಂದ.

ಹ್ಯಾಲ್ವರ್ ಬಾಯಿ ತೆರೆದು ನಿಂತಿದ್ದ. ತನ್ನ ಸನ್ಮಾನಕ್ಕೆ ಫೋಟೋ ಸಾಲದೆ ಪಕ್ಕದ ಮನೆಯವನ ಲಿವರನ್ನೂ ಯಾಕೆ ಕೊಡುತ್ತಿದ್ದಾರೆ ಎಂದು ಅವನಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಮಿಸ್ ಯಾಂಗ್ ಬಂದಳು. ಬೂಟಿನ ಹಿಮ ಕೊಡವಿ, ತಲೆ ಎತ್ತಿ, ಊರಲ್ಲಿ ಮಂಗಳವಾರದಿಂದ ಯಾರೂ ಕೇಳದ್ದನ್ನು ಕೇಳಿದಳು.

“ಅಯ್ಯೋ ಹ್ಯಾಲ್ವರ್, ನೀವಿನ್ನೂ ಮುಖ ತೊಳ್ದಿಲ್ವಾ?”

“ನಾನು ಹೇಳ್ದೆ ಪೇಂಟು ಅಂತ! ಯಾರೂ ಕೇಳ್ಲಿಲ್ಲ!” ಎಂದು ಸನ್ನಿವಾ ಬೆಂಚಿನ ಮೇಲೆ ಹತ್ತಿ ನಿಂತಳು.

ಮಿಸ್ ಯಾಂಗ್ ಕೈಚೀಲದಿಂದ ಪುಟ್ಟ ಕನ್ನಡಿ ತೆಗೆದು ಕೊಟ್ಟಳು. ಹ್ಯಾಲ್ವರ್ ನೋಡಿದ. ಕನ್ನಡಿ ತಿರುಗಿಸಿ ಹಿಂಭಾಗ ನೋಡಿದ. ಮತ್ತೆ ನೋಡಿದ. ಆಮೇಲೆ ತಲೆಯ ಮೇಲಿನ ಬಟ್ಟೆ ನೋಡಿದ, ಬಾಗಿಲ ಡಬ್ಬಿ ನೋಡಿದ, ಅಷ್ಟೂ ಹಾಟ್‌ಡಿಷ್‌ಗಳ ಅರ್ಥ ಅವನಿಗೆ ಒಟ್ಟಿಗೆ ಆಯಿತು.

“ನಾಲ್ಕು ದಿನ,” ಎಂದ ಮೆಲ್ಲಗೆ. “ಯಾರಾದ್ರೂ ಹೇಳಬಾರದಿತ್ತಾ?”

“ನೀನೇ ಹೇಳ್ತೀಯ ಅಂತ ಕಾಯ್ತಿದ್ವಿ,” ಎಂದಳು ಡೆಲೋರಿಸ್.

“ಅಂದ್ರೆ ನಿನ್ನ ಲಿವರ್ ಸರಿಯಾಗಿದೆ?” ಎಂದ ಇನ್ನೂ ನಿಂತೇ ಇದ್ದ ವರ್ನನ್.

“ಸರಿಯಾಗಿದೆ.”

“ನಂದು ಬೇಡ?”

“ಬೇಡ.”

ಅವಮಾನವಾದವನಂತೆ ವರ್ನನ್ ಧೊಪ್ಪೆಂದು ಕೂತ.

ಹ್ಯಾಲ್ವರ್ ಕನ್ನಡಿಯನ್ನು ಮೇಜಿನ ಮೇಲಿಟ್ಟು ಟೋಪಿ ಕೈಗೆತ್ತಿಕೊಂಡ. ಸನ್ಮಾನವೂ ಇಲ್ಲ, ಗೋಡೆಯೂ ಇಲ್ಲ, ಇನ್ನು ಈ ಊರಲ್ಲಿ ತಲೆ ಎತ್ತುವ ಹಾಗೂ ಇಲ್ಲ ಎಂದು ಅವನ ನಡಿಗೆಯಲ್ಲೇ ತಿಳಿಯುತ್ತಿತ್ತು. ಅಷ್ಟು ಹಳದಿಯಾಗಿ ಅಷ್ಟು ಬಡವಾಗಿ ಕಂಡ ಮುಖವನ್ನು ನಾನು ಇನ್ನೊಮ್ಮೆ ನೋಡಿಲ್ಲ. ನಾವೆಲ್ಲ ನಮ್ಮ ಪದ್ಧತಿಯಂತೆ ಸ್ಪಗೆಟಿಯ ಕಡೆ ನೋಡುತ್ತ ಕೂತೆವು. ಕೂರದೇ ಇದ್ದವಳು ಮಿಸ್ ಯಾಂಗ್ ಒಬ್ಬಳೇ.

“ವರ್ನನ್, ಲಿವರ್ ಮತ್ತೆ ಬೆಳೆಯುತ್ತೆ ಅಂತ ನಿಮಗೆ ಯಾರು ಹೇಳಿದ್ದು? ಡಾಕ್ಟ್ರಾ?”

“ಡಾಕ್ಟ್ರ ತನಕ ನನ್ನ ಬಿಡ್ಲೇ ಇಲ್ಲ. ನಮ್ಮ ಸನ್ನಿವಾ ಹೇಳಿದ್ಲು.”

“ಸನ್ನಿವಾಗೆ ಯಾರು ಹೇಳಿದ್ದು?”

ಸನ್ನಿವಾ ಬೆಂಚಿನ ಮೇಲಿಂದಲೇ ಬಾಗಿಲಲ್ಲಿ ನಿಂತ ಹ್ಯಾಲ್ವರನ ಕಡೆ ಬೆರಳು ತೋರಿಸಿದಳು.

ಮಿಸ್ ಯಾಂಗ್ ಅಲ್ಲಿಗೆ ನಿಲ್ಲಿಸಲಿಲ್ಲ. “ಮಕ್ಕಳೇ, ಹೃದಯ ಏನ್ ಮಾಡುತ್ತೆ?” ಎಂದಳು. ಹಾಲ್‌ನ ಮೂಲೆ ಮೂಲೆಯಿಂದ ಸ್ಪಗೆಟಿ ತುಂಬಿದ ಬಾಯಿಗಳು ‘ಪಂಪು!’ ಎಂದವು. “ಕಿಡ್ನಿ?” ‘ಫಿಲ್ಟರ್!’ “ಲಿವರ್ ಕೆಟ್ರೆ?” ‘ಹಳದೀ!’ ಎಂದು ಸೂರು ಹಾರುವಂತೆ ಕೂಗಿ ಎಲ್ಲ ಮಕ್ಕಳೂ ಹ್ಯಾಲ್ವರನತ್ತ ಕೈ ತೋರಿಸಿದರು. ಒಬ್ಬ ಪೋರ ಮಾತ್ರ ಯಾರೂ ಕೇಳದಿದ್ದರೂ ಪಾದ್ರಿಯಮ್ಮನಿಗೆ ಅಡುಗೆಮನೆ ಹೊಗೆಯ ವಿಷಯ ಸವಿಸ್ತಾರವಾಗಿ ವಿವರಿಸುತ್ತಿದ್ದ.

“ನಾನು ಇಷ್ಟು ವರ್ಷದಿಂದ ಈ ಪಾಠ ಮಾಡ್ತಿದೀನಿ,” ಎಂದಳು ಮಿಸ್ ಯಾಂಗ್. “ನನ್ನ ಪಾಠ ಕೇಳಿ ಇದುವರೆಗೆ ಯಾರೂ ಇನ್ನೊಬ್ಬರಿಗೆ ಲಿವರ್ ಕೊಡೋಕೆ ಹೊರಟಿಲ್ಲ. ಹ್ಯಾಲ್ವರ್, ಮುಂದಿನ ವರ್ಷವೂ ನೀವೇ ಬರ್ಬೇಕು.”

ಹ್ಯಾಲ್ವರ್ ಟೋಪಿಯನ್ನು ಕೆಳಗಿಟ್ಟ. “ಬರ್ತೀನಿ,” ಎಂದ. “ಮುಂದಿನ ವರ್ಷ ಮೆದುಳು ತೋರಿಸ್ಬೇಕು ಅಂತಿದೀನಿ.” ಊರಿಗೆ ಸ್ವಲ್ಪ ಗಾಬರಿಯಾಯಿತು, ಆದರೆ ಯಾರೂ ಏನೂ ಕೇಳಲಿಲ್ಲ.

ಡಬ್ಬಿಗೆ ಹಾಕಿದ್ದನ್ನು ವಾಪಸು ಕೇಳುವಷ್ಟು ಮರ್ಯಾದೆಗೆಟ್ಟವರು ನಮ್ಮಲ್ಲಿಲ್ಲ. ಅದರಿಂದ ಶಾಲೆಗೆ ಅಂಗಾಂಗಗಳನ್ನು ಬಿಚ್ಚಿ ಜೋಡಿಸುವ ಆಳೆತ್ತರದ ಗೊಂಬೆ ಬಂತು. ಗೋಡೆಯ ಮೇಲೆ ಫೋಟೋವೂ ಬಂತು, ಆ ಸಂಜೆಯೇ ಹಾಲ್‌ನಲ್ಲಿ ತೆಗೆದದ್ದು. ಹೊಸಬರು ಶಾಲೆಗೆ ಬಂದರೆ ಆ ಮುಖದ ಮುಂದೆ ಒಂದು ಕ್ಷಣ ನಿಲ್ಲುತ್ತಾರೆ, ಆಮೇಲೆ ಪಕ್ಕದಲ್ಲಿರುವ ನನ್ನ ಮುಚ್ಚಿದ ಕಣ್ಣುಗಳನ್ನು ನೋಡುತ್ತ ಮುಂದೆ ಹೋಗುತ್ತಾರೆ.

ಭಾನುವಾರ ಬೆಳಿಗ್ಗೆ ವರ್ನನ್ ಯಂತ್ರ ತಂದು, ತಾನು ತೆಗೆದಿದ್ದ ಹಿಮವನ್ನೆಲ್ಲ ಹ್ಯಾಲ್ವರನ ಅಂಗಳಕ್ಕೆ ವಾಪಸು ಹಾರಿಸಿದ. ಗುಡಿಸಲಿನ ಜಗಳ ಇನ್ನೂ ಇದೆ. ಆದರೆ ಮರುವರ್ಷ ದೇಹದ ಪಾಠದ ದಿನ, ಹ್ಯಾಲ್ವರ್ ಗೊಂಬೆಯ ಹೊಟ್ಟೆಯಿಂದ ಲಿವರನ್ನು ಎತ್ತಿ ತೋರಿಸುತ್ತಿದ್ದಂತೆ, ಕರೆಯದೆ ಬಂದು ಹಿಂದಿನ ಪುಟ್ಟ ಕುರ್ಚಿಯಲ್ಲಿ ಮಂಡಿ ಮಡಚಿ ಕೂತಿದ್ದ ವರ್ನನ್ ಕೈ ಎತ್ತಿದ. ಈಗ ಪ್ರತಿ ವರ್ಷ ಎತ್ತುತ್ತಾನೆ. ಹೊಸ ಮಕ್ಕಳೆಲ್ಲ ತಿರುಗಿ ನೋಡುತ್ತಾರೆ.

“ನಂದರಲ್ಲಿ ಅರ್ಧ ಕೊಡ್ತೀನಿ ಅಂದೆ,” ಎನ್ನುತ್ತಾನೆ. “ತಗೊಳ್ಳಲಿಲ್ಲ ಇವನು.”

“ಯಾಕ್ ತಾತ ತಗೊಳ್ಳಲಿಲ್ಲ?” ಎಂದು ಮಕ್ಕಳು ಹ್ಯಾಲ್ವರನನ್ನು ಕೇಳುತ್ತಾರೆ.

“ಇಟ್ಕೊಂಡಿರ್ಲಿ ಅಂದೆ,” ಎನ್ನುತ್ತಾನೆ ಹ್ಯಾಲ್ವರ್. “ಬೇಕಾದಾಗ ಪಕ್ಕದ ಮನೇಲೇ ಇರುತ್ತಲ್ಲ.”